ಬಳಸಿದ ಡಬಲ್ ಕ್ಯಾಬ್ ಡೀಸೆಲ್ ಪಿಕಪ್ ಕೊಳ್ಳುವ ಮುನ್ನ: ಮೀಟರ್‌ಗಿಂತ ಮೊದಲು ಚಾಸಿ ನೋಡಿ

ಬಳಸಿದ ವಾಹನ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಅದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು. ಡಬಲ್ ಕ್ಯಾಬ್ ಡೀಸೆಲ್ ಪಿಕಪ್‌ನ, ಅಂದರೆ ಎರಡು ಸಾಲು ಸೀಟು ಮತ್ತು ಹಿಂದೆ ಸರಕಿನ ತೊಟ್ಟಿ ಇರುವ ಗಾಡಿಯ, ವಿಷಯದಲ್ಲಿ ಆ ಪ್ರಶ್ನೆ ಎರಡನೆಯದಾಗಬೇಕು. ಈ ಗಾಡಿ ಇಷ್ಟು ವರ್ಷ ಯಾವ ಕೆಲಸ ಮಾಡಿತು ಎಂಬುದು ಮೊದಲನೆಯದು. ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ 2,00,000 ಕಿ.ಮೀ. ಓಡಿ, ಹೊತ್ತುಹೊತ್ತಿಗೆ ಆಯಿಲ್ ಬದಲಿಸಿಕೊಂಡ ಪಿಕಪ್, ಗಣಿ ಅಥವಾ ಕಟ್ಟಡದ ಕೆಲಸದಲ್ಲಿ ಮಿತಿಮೀರಿದ ಭಾರ ಹೊತ್ತು 80,000 ಕಿ.ಮೀ. ಓಡಿದ ಪಿಕಪ್‌ಗಿಂತ ಎಷ್ಟೋ ಗಟ್ಟಿಯಾಗಿರಬಹುದು. ಕಾರಿನಲ್ಲಿ ಸವೆಯುವುದು ಹೆಚ್ಚಾಗಿ ದೂರದಿಂದ. ಪಿಕಪ್‌ನಲ್ಲಿ ಸವೆಯುವುದು ಭಾರದಿಂದ, ಎಳೆತದಿಂದ, ಕೆಸರಿನಿಂದ, ನಿಂತಲ್ಲೇ ಗಂಟೆಗಟ್ಟಲೆ ಓಡಿದ ಎಂಜಿನ್‌ನಿಂದ. ಇವುಗಳಲ್ಲಿ ಯಾವುದೂ ಮೀಟರ್‌ನಲ್ಲಿ ಕಾಣುವುದಿಲ್ಲ, ಆದರೆ ಎಲ್ಲವೂ ಗಾಡಿಯ ಮೈಮೇಲೆ ಗುರುತು ಬಿಟ್ಟಿರುತ್ತವೆ. ಆ ಗುರುತುಗಳನ್ನು ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತೂಕದ ಲೆಕ್ಕ

ಗಾಡಿ ನೋಡಲು ಹೋಗುವ ಮುನ್ನ ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಮಧ್ಯಮ ಗಾತ್ರದ ಡಬಲ್ ಕ್ಯಾಬ್‌ಗಳು ಸುಮಾರು ಒಂದು ಟನ್ ಹೊರುತ್ತವೆ, ಈಚಿನ ಹಲವು ಮಾದರಿಗಳು 3.5 ಟನ್‌ವರೆಗಿನ ಟ್ರೇಲರ್ ಎಳೆಯುತ್ತವೆ ಎಂದು ಜಾಹೀರಾತುಗಳು ಹೇಳುವುದು ಸುಳ್ಳಲ್ಲ. ಆದರೆ ಈ ಎರಡನ್ನೂ ಒಟ್ಟಿಗೆ ಮಾಡಲು ಬಹುತೇಕ ಮಾದರಿಗಳಿಗೆ ಅನುಮತಿ ಇರುವುದಿಲ್ಲ. ಉದಾಹರಣೆಗೆ, ಒಟ್ಟು ತೂಕದ ಮಿತಿ 3,000 ಕೆ.ಜಿ. ಇರುವ, ಖಾಲಿ ತೂಕ 2,100 ಕೆ.ಜಿ. ಇರುವ ಪಿಕಪ್ ಒಂದನ್ನು ತೆಗೆದುಕೊಳ್ಳಿ. ಉಳಿಯುವುದು 900 ಕೆ.ಜಿ. ತಲಾ 75 ಕೆ.ಜಿ.ಯಂತೆ ಐದು ಜನ ಕೂತರೆ 375 ಹೋಯಿತು. ತೊಟ್ಟಿಯ ಮೇಲೆ ಕೂರಿಸಿದ ಮುಚ್ಚಳಕ್ಕೆ (ಕ್ಯಾನೊಪಿ) 150, ಮುಂದಿನ ಕಬ್ಬಿಣದ ಗಾರ್ಡ್ ಮತ್ತು ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಹಗ್ಗದ ಯಂತ್ರಕ್ಕೆ (ವಿಂಚ್) 100 ಕಳೆಯಿರಿ. ಈಗ ಉಳಿದದ್ದು 275. ಅದರ ಹಿಂದೆ 2,500 ಕೆ.ಜಿ. ಟ್ರೇಲರ್ ಕಟ್ಟಿದರೆ ಅದರ ಹತ್ತರಲ್ಲೊಂದು ಪಾಲು, ಅಂದರೆ 250 ಕೆ.ಜಿ., ಕೊಕ್ಕೆಯ ಮೇಲೆ ಕೂರುತ್ತದೆ. ಸಾಮಾನು ಇಡಲು ಉಳಿದದ್ದು 25 ಕೆ.ಜಿ. ಮಾತ್ರ. ಹಿಂದಿನ ಮಾಲೀಕರು ಈ ಲೆಕ್ಕ ಹಾಕಿರುವ ಸಾಧ್ಯತೆ ಕಡಿಮೆ ಎಂದು ಇಟ್ಟುಕೊಂಡೇ ಗಾಡಿಯನ್ನು ಪರೀಕ್ಷಿಸಬೇಕು.

ಡಬಲ್ ಕ್ಯಾಬ್‌ಗೆ ಇಲ್ಲಿ ಇನ್ನೊಂದು ತೊಂದರೆ ಇದೆ. ಸಿಂಗಲ್ ಕ್ಯಾಬ್‌ನಲ್ಲಿ ಎರಡು ಬಾಗಿಲಿನ ಹಿಂದೆಯೇ ತೊಟ್ಟಿ ಶುರುವಾಗುತ್ತದೆ, ಹಾಗಾಗಿ ಭಾರದ ದೊಡ್ಡ ಪಾಲು ಹಿಂದಿನ ಆಕ್ಸಲ್‌ನ ಮುಂದಕ್ಕೆ ಬೀಳುತ್ತದೆ. ಡಬಲ್ ಕ್ಯಾಬ್‌ನಲ್ಲಿ ಹಿಂದಿನ ಸೀಟಿಗಾಗಿ ಕ್ಯಾಬಿನ್ ಉದ್ದವಾಗಿರುತ್ತದೆ, ತೊಟ್ಟಿ ಸುಮಾರು ಒಂದೂವರೆ ಮೀಟರ್‌ಗೆ ಮೊಟಕಾಗಿ ಹಿಂದಕ್ಕೆ ಸರಿದಿರುತ್ತದೆ. ಅದರ ಗಣನೀಯ ಭಾಗ ಆಕ್ಸಲ್‌ನ ಹಿಂದೆಯೇ ಇರುತ್ತದೆ. ಆಕ್ಸಲ್‌ನ ಹಿಂದೆ ಬಿದ್ದ ತೂಕ ತನ್ನಷ್ಟೇ ಒತ್ತುವುದಿಲ್ಲ, ಸನ್ನೆಕೋಲಿನಂತೆ ಹೆಚ್ಚಾಗಿ ಒತ್ತುತ್ತದೆ. ಚಕ್ರಗಳ ನಡುವಿನ ಅಂತರ 3.1 ಮೀಟರ್, ಕೊಕ್ಕೆಯು ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ಎಂದಾದರೆ, ಕೊಕ್ಕೆಯ ಮೇಲಿನ 250 ಕೆ.ಜಿ. ಹಿಂದಿನ ಆಕ್ಸಲ್ ಮೇಲೆ ಸುಮಾರು 347 ಕೆ.ಜಿ.ಯಾಗಿ ಇಳಿಯುತ್ತದೆ, ಹೆಚ್ಚಾದ ಆ ಸುಮಾರು 97 ಕೆ.ಜಿ.ಯಷ್ಟು ಮುಂದಿನ ಚಕ್ರಗಳು ಹಗುರಾಗುತ್ತವೆ. ಹೀಗೆ ಹೊತ್ತ ಗಾಡಿ ಗುಂಡಿಗಳ ರಸ್ತೆಯಲ್ಲಿ ವೇಗವಾಗಿ ಓಡಿದರೆ ಚಾಸಿ ಬಾಗುವುದು ಅಪರೂಪವೇನಲ್ಲ.

ಚಾಸಿ ಮತ್ತು ಕೆಳಭಾಗ

ಹಾಗಾಗಿ ಪರೀಕ್ಷೆ ಆರಂಭವಾಗಬೇಕಾದದ್ದು ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಸಂದಿನಿಂದ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಕ್ಕದಿಂದ ಹತ್ತು ಹೆಜ್ಜೆ ದೂರ ಹೋಗಿ ನೋಡಿ. ಆ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು, ಎಡಬಲ ಎರಡೂ ಬದಿಯಲ್ಲಿ ಒಂದೇ ರೀತಿ ಇರಬೇಕು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ತೊಟ್ಟಿಯ ಹಿಂತುದಿ ಕೆಳಕ್ಕೆ ಜಗ್ಗಿದೆ ಎಂದರ್ಥ, ಅಂದರೆ ಕ್ಯಾಬಿನ್‌ನ ಹಿಂದೆ ಚಾಸಿ ಬಾಗಿದೆ ಎಂಬ ಅನುಮಾನಕ್ಕೆ ಬಲವಾದ ಕಾರಣ ಸಿಕ್ಕಿತು. ತೊಟ್ಟಿಯ ಮುಂಗೋಡೆ ಕ್ಯಾಬಿನ್‌ಗೆ ತಾಗಿ ಬಣ್ಣ ಕಿತ್ತುಬಂದಿದ್ದರೆ ಅನುಮಾನವೂ ಉಳಿಯುವುದಿಲ್ಲ. ತೊಟ್ಟಿಯ ಬೋಲ್ಟುಗಳ ಕೆಳಗೆ ವಾಷರ್‌ಗಳನ್ನು ಪೇರಿಸಿ ಸಂದನ್ನು ಸರಿಪಡಿಸಿದಂತೆ ತೋರಿಸುವ ಜಾಣರೂ ಇರುತ್ತಾರೆ, ಆದ್ದರಿಂದ ಬೋಲ್ಟುಗಳನ್ನೂ ನೋಡಿ. ಬಾಗಿದ ಚಾಸಿಯನ್ನು ನೇರ ಮಾಡಿಸಿದ್ದೇನೆ, ಈಗ ಏನೂ ತೊಂದರೆಯಿಲ್ಲ ಎಂದು ಮಾರುವವರು ಹೇಳಿದರೆ ನನ್ನ ಅಭಿಪ್ರಾಯದಲ್ಲಿ ಅಲ್ಲಿಂದ ಹೊರಡುವುದೇ ಸರಿ. ಒಮ್ಮೆ ಬಾಗಿ ನೇರವಾದ ಉಕ್ಕು ಎರಡನೆಯ ಬಾರಿ ಎಲ್ಲಿ ಬಿಟ್ಟುಕೊಡುತ್ತದೆ ಎಂಬುದನ್ನು ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ನಂತರ ಕೆಳಗೆ ಮಲಗಿ ನೋಡಬೇಕು; ಲಿಫ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಟಾರ್ಚ್, ಸಣ್ಣ ಸುತ್ತಿಗೆ, ಗಟ್ಟಿ ಸ್ಕ್ರೂಡ್ರೈವರ್ ಇಷ್ಟು ಸಾಕು. ಚಾಸಿಯ ಪೆಟ್ಟಿಗೆಯಾಕಾರದ ಉದ್ದ ತೊಲೆಗಳನ್ನು ಸುತ್ತಿಗೆಯಿಂದ ಹಗುರಾಗಿ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಖಣಿಲ್ ಎನ್ನುತ್ತದೆ, ಒಳಗಿನಿಂದ ತಿಂದುಹೋದ ಉಕ್ಕು ಮಂದವಾದ ಸದ್ದು ಕೊಡುತ್ತದೆ. ತುಕ್ಕು ಮೊದಲು ಕೂರುವುದು ಮಣ್ಣು ಮತ್ತು ನೀರು ನಿಲ್ಲುವ ಕಡೆ: ಹಿಂದಿನ ಆಕ್ಸಲ್‌ನ ಮೇಲಿನ ಬಾಗು, ಸ್ಪ್ರಿಂಗ್ ಹ್ಯಾಂಗರ್‌ಗಳನ್ನು ಬೆಸೆದ ಜಾಗ, ಕ್ಯಾಬಿನ್ ಕೂರುವ ಮೌಂಟಿಂಗ್‌ಗಳು, ಇಂಧನ ಟ್ಯಾಂಕಿನ ಪಟ್ಟಿಗಳ ಹಿಂಭಾಗ. ಪೆಟ್ಟಿಗೆ ತೊಲೆಗಳಲ್ಲಿ ನೀರು ಹೊರಹೋಗಲು ಇರುವ ರಂಧ್ರಗಳೊಳಗೆ ಬೆರಳು ಹಾಕಿ ನೋಡಿ. ಪದರಪದರವಾಗಿ ತುಕ್ಕಿನ ಹಳಕು ಉದುರಿದರೆ ಹೊರಗಿನ ಬಣ್ಣ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಮಾರುವ ಹೊತ್ತಿಗೆ ಸರಿಯಾಗಿ ಬಳಿದ ತಾಜಾ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಅದರ ಕೆಳಗೆ ಏನಿದೆ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಕಡಲ ತೀರದಲ್ಲಿ ಅಥವಾ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶಗಳಲ್ಲಿ ಓಡಿದ ಗಾಡಿಗೆ ಈ ಎಚ್ಚರಿಕೆ ದುಪ್ಪಟ್ಟು ಬೇಕು. ಡಿ40 ತಲೆಮಾರಿನ ನಿಸಾನ್ ನವಾರಾದ ಚಾಸಿ ತುಕ್ಕು ತಿಂದು ನಡುವೆಯೇ ಮುರಿದ ಪ್ರಕರಣಗಳು ಬ್ರಿಟನ್‌ನಲ್ಲಿ ವರದಿಯಾಗಿ, ಕಂಪನಿ ಕೆಲವು ಗಾಡಿಗಳನ್ನು ಮರಳಿ ಕೊಂಡದ್ದುಂಟು. ತುಕ್ಕಿನ ಅಪಾಯ ಒಂದೇ ಮಾದರಿಗೆ ಸೀಮಿತವಲ್ಲ. ತೊಲೆಯ ಒಳಗೆ ಮಣ್ಣು ಕಟ್ಟಿಕೊಂಡು ತೇವ ಉಳಿದ ಯಾವ ಪಿಕಪ್‌ನಲ್ಲಾದರೂ ಅದು ಇದೇ ರೀತಿ ಕೆಲಸ ಮಾಡುತ್ತದೆ.

ಅಲ್ಲೇ ಇದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್‌ಗಳನ್ನು, ಅಂದರೆ ಕಮಾನು ಪಟ್ಟಿಗಳನ್ನು, ಒಂದೊಂದಾಗಿ ನೋಡಿ. ಖಾಲಿ ಗಾಡಿಯಲ್ಲಿ ಅವು ತುದಿಗಳು ಮೇಲಕ್ಕೆ ಬಾಗಿ ಬಿಲ್ಲಿನಂತಿರಬೇಕು. ಚಪ್ಪಟೆಯಾಗಿದ್ದರೆ ಅಥವಾ ವಿರುದ್ಧ ದಿಕ್ಕಿಗೆ ಬಾಗಿದ್ದರೆ ಅವು ತಮ್ಮ ಶಕ್ತಿ ಮೀರಿ ದುಡಿದಿವೆ. ಬಿರುಕು ಬಿಟ್ಟ ಪಟ್ಟಿ, ಸವೆದು ಲೋಹಕ್ಕೆ ಲೋಹ ತಾಗುವ ಬುಷ್, ಒಂದು ಬದಿಯಲ್ಲಿ ಮಾತ್ರ ಸೇರಿಸಿದ ಹೆಚ್ಚುವರಿ ಪಟ್ಟಿ, ಇವೆಲ್ಲ ಹಳೆಯ ಕೆಲಸದ ಸಾಕ್ಷಿಗಳು. ಮೂಲ ಸ್ಪ್ರಿಂಗ್‌ಗಳ ಜತೆ ಗಾಳಿ ತುಂಬುವ ಹೆಲ್ಪರ್ ಬ್ಯಾಗ್‌ಗಳನ್ನು ಹಾಕಿದ್ದರೆ ಚಾಸಿಯನ್ನು ಮತ್ತೊಮ್ಮೆ ನೋಡಿ ಬನ್ನಿ. ಹಿಂಭಾಗ ಇಳಿಯುವುದನ್ನು ಅವು ಮರೆಮಾಚುತ್ತವೆ. ಸ್ಪ್ರಿಂಗ್‌ನ ಎರಡು ತುದಿಗಳಿಗೆ ಹಂಚಿಹೋಗಬೇಕಾದ ಒತ್ತಡವನ್ನು ಚಾಸಿಯ ನಡುವಿನ ಒಂದೇ ಬಿಂದುವಿಗೆ ಒಯ್ಯುತ್ತವೆ. ಬಾಗಿದ ಚಾಸಿಗಳಲ್ಲಿ ಎಷ್ಟೋ ಸಲ ಬಾಗು ಇರುವುದು ಆ ಬಿಂದುವಿನ ಆಸುಪಾಸಿನಲ್ಲೇ.

ಕೊಕ್ಕೆ ಇದ್ದರೆ ಅದರ ಗುಂಡು ಎಷ್ಟು ಸವೆದಿದೆ, ಅದನ್ನು ಚಾಸಿಗೆ ಹಿಡಿದ ಬೋಲ್ಟಿನ ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿವೆಯೇ ಎಂದು ಗಮನಿಸಿ. ಕೊಕ್ಕೆ ಇಲ್ಲದ ಮಾತ್ರಕ್ಕೆ ಗಾಡಿ ಏನನ್ನೂ ಎಳೆದಿಲ್ಲ ಎನ್ನಲಾಗದು. ಬಂಪರ್‌ನ ಹಿಂದೆ ಕತ್ತರಿಸಿ ಟೇಪ್ ಸುತ್ತಿದ ವೈರುಗಳು ಕಂಡರೆ ಕೊಕ್ಕೆ ಈಚೆಗೆ ಇಳಿದಿದೆ ಎಂದು ತಿಳಿಯಬೇಕು. ತೊಟ್ಟಿಯ ಕೆಳಗೆ ತೂಗುವ ಸ್ಟೆಪ್ನಿಯನ್ನು ಅದರ ಸರಪಳಿಯಿಂದ ಒಮ್ಮೆ ಇಳಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಆ ಯಂತ್ರ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಪಂಕ್ಚರ್ ಆದ ರಾತ್ರಿಯವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ತಣ್ಣಗಿರುವ ಎಂಜಿನ್

ಗಾಡಿ ನೋಡಲು ಬರುತ್ತೇನೆ ಎಂದು ತಿಳಿಸುವಾಗಲೇ ಎಂಜಿನ್ ಸ್ಟಾರ್ಟ್ ಮಾಡದೆ ಇಟ್ಟಿರಿ ಎಂದು ಕೇಳಿಕೊಳ್ಳಿ. ಹೋದ ಕೂಡಲೇ ಬಾನೆಟ್ ತೆರೆದು ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಅದು ತಣ್ಣಗಾಗುವವರೆಗೆ ಕೆಳಭಾಗದ ಪರೀಕ್ಷೆ ಮಾಡುತ್ತ ಕಾಯಬಹುದು, ಇಲ್ಲವೇ ಇನ್ನೊಂದು ದಿನ ಬರಬಹುದು. ಬಿಸಿಯಾದ ಡೀಸೆಲ್ ಎಂಜಿನ್ ತನ್ನ ಅರ್ಧ ಕಾಯಿಲೆಗಳನ್ನು ಅಡಗಿಸಿಕೊಳ್ಳುತ್ತದೆ. ತಣ್ಣನೆಯ ಎಂಜಿನ್‌ಗೆ ಬಿಸಿ ಕೊಡುವ ಗ್ಲೋ ಪ್ಲಗ್ ಸುಟ್ಟಿರುವುದು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೊಟ್ಟಿಕ್ಕುವುದು, ಸಿಲಿಂಡರ್‌ನ ಒತ್ತಡ (ಕಂಪ್ರೆಷನ್) ಇಳಿದಿರುವುದು, ಟೈಮಿಂಗ್ ಚೈನ್ ಸಡಿಲಾಗಿರುವುದು ಇವೆಲ್ಲ ಮೊದಲ ಒಂದೆರಡು ನಿಮಿಷದಲ್ಲಿ ಮಾತ್ರ ಚೆನ್ನಾಗಿ ಕೇಳಿಸುತ್ತವೆ, ಕಾಣಿಸುತ್ತವೆ.

ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಡೀಸೆಲ್ ಎಂಜಿನ್‌ನ ಆಯಿಲ್ ಕಪ್ಪಾಗಿರುವುದು ಸಹಜ, ಅದರಿಂದ ಏನನ್ನೂ ತೀರ್ಮಾನಿಸಬೇಕಿಲ್ಲ. ಆದರೆ ಅದು ಟಾರಿನಂತೆ ದಪ್ಪಗಿದ್ದರೆ, ಅಥವಾ ಮೇಲಿನ ಗುರುತನ್ನು ದಾಟಿ ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಎರಡೂ ಕೆಟ್ಟ ಲಕ್ಷಣಗಳೇ. ಕೂಲೆಂಟ್‌ನಲ್ಲಿ ಎಣ್ಣೆಯ ಪದರ ಇರಬಾರದು, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಕೆಸರು ಇರಬಾರದು. ಆಟೊಮ್ಯಾಟಿಕ್ ಗೇರ್ ಇರುವ ಗಾಡಿಗಳಲ್ಲಿ ಗೇರ್‌ಬಾಕ್ಸ್‌ನ ಆಯಿಲ್ ಹೆಚ್ಚಾಗಿ ರೇಡಿಯೇಟರ್‌ನ ಒಳಗಿನ ಕೂಲರ್ ಮೂಲಕ ಹಾದುಬರುತ್ತದೆ. ಅಲ್ಲಿ ಸೋರಿಕೆಯಾದರೆ ನೀರು ಮತ್ತು ಆಯಿಲ್ ಬೆರೆತು ಗೇರ್‌ಬಾಕ್ಸ್ ಬಲುಬೇಗ ಹಾಳಾಗುತ್ತದೆ. ಆದ್ದರಿಂದ ಕೂಲೆಂಟ್ ಹಾಲಿನ ಹಾಗೆ ಮಬ್ಬಾಗಿದ್ದರೆ ಹೆಡ್ ಗ್ಯಾಸ್ಕೆಟ್ ಒಂದನ್ನೇ ದೂರಿ ಸುಮ್ಮನಾಗಬೇಡಿ.

ಈಗ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ಸೈಲೆನ್ಸರ್ ಬಳಿ ನಿಂತಿರಿ. ಚಳಿಯಲ್ಲಿ ಕ್ಷಣಕಾಲ ಬಿಳಿ ಹೊಗೆ ಬಂದು ಮಾಯವಾದರೆ ಚಿಂತೆಯಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಉರಿಯದ ಡೀಸೆಲ್ ಹೊರಬರುತ್ತಿದೆ. ಸಿಹಿ ವಾಸನೆಯ ಬಿಳಿ ಹೊಗೆ ಕೂಲೆಂಟ್‌ನದು. ನೀಲಿ ಹೊಗೆ ಎಂದರೆ ಟರ್ಬೊ ಅಥವಾ ಪಿಸ್ಟನ್ ರಿಂಗುಗಳ ಮೂಲಕ ಎಂಜಿನ್ ಆಯಿಲ್ ಉರಿಯುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟವಾದ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗುತ್ತಿದೆ. ಹೊಗೆ ನೋಡಿದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳವನ್ನು ಬಿಚ್ಚಿ ಅಲ್ಲೇ ತಲೆಕೆಳಗಾಗಿ ಇಟ್ಟು ನೋಡುವ ಹಳೆಯ ಪರೀಕ್ಷೆಯೂ ಉಪಯೋಗಕ್ಕೆ ಬರುತ್ತದೆ. ಮುಚ್ಚಳ ಅಲ್ಪಸ್ವಲ್ಪ ನಡುಗಿದರೆ ಸರಿ. ಬುಸುಬುಸು ಹೊಗೆಯೊಂದಿಗೆ ಹಾರಿಬಿದ್ದರೆ ಸಿಲಿಂಡರ್‌ನ ಒತ್ತಡ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ ಎಂದು ಅನುಮಾನಿಸಬಹುದು. ಎಂಜಿನ್‌ನಿಂದ ಎಂಜಿನ್‌ಗೆ ಇದು ಬದಲಾಗುವುದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡುವುದು ಬೇಡ.

ಈಗಿನ ಡೀಸೆಲ್‌ಗಳೆಲ್ಲ ಕಾಮನ್ ರೇಲ್ ಪದ್ಧತಿಯವು, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಅಧಿಕ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಸಿಗುತ್ತದೆ. ಸುಮಾರು 1,600ರಿಂದ 2,000 ಬಾರ್ ಒತ್ತಡದಲ್ಲಿ ಡೀಸೆಲ್ಲನ್ನು ಸಿಂಪಡಿಸುವ ಈ ಇಂಜೆಕ್ಟರ್‌ಗಳಿಗೆ ನೀರು ಮತ್ತು ದೂಳು ಪರಮ ಶತ್ರುಗಳು. ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿತು ಎಂಬುದಕ್ಕೆ ದಾಖಲೆ ಕೇಳಿ. ನಿಂತಲ್ಲೇ ಓಡುವಾಗ ಟಕಟಕ ಎಂಬ ಒಂಟಿ ಸದ್ದು ಅಥವಾ ಮಿಸ್ಸಿಂಗ್ ಇದ್ದರೆ ಇಂಜೆಕ್ಟರ್‌ಗಳಿಂದ ಎಷ್ಟು ಡೀಸೆಲ್ ವಾಪಸ್ ಹೋಗುತ್ತಿದೆ ಎಂದು ಅಳೆಯುವ ಬ್ಯಾಕ್ ಲೀಕ್ ಪರೀಕ್ಷೆಯನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಬೇಕು. ಇಂಜೆಕ್ಟರ್‌ಗೆ ಒಂದರಂತೆ ಜೋಡಿಸಿದ ನಾಲ್ಕು ಬಾಟಲಿಗಳಲ್ಲಿ ಒಂದು ಮಾತ್ರ ಬೇಗ ತುಂಬಿದರೆ ತಪ್ಪಿತಸ್ಥ ಯಾರು ಎಂಬುದು ಅಲ್ಲೇ ತಿಳಿಯುತ್ತದೆ.

ಕೊಳ್ಳುವ ಮಾದರಿಯ ಎಂಜಿನ್‌ಗೆ ಯಾವ ಕಾಯಿಲೆ ಹೆಚ್ಚು ಎಂಬುದನ್ನು ಮೊದಲೇ ತಿಳಿದು ಹೋಗುವುದು ಅರ್ಧ ಪರೀಕ್ಷೆ ಮುಗಿಸಿದಂತೆ. 2004ರಿಂದ 2015ರವರೆಗಿನ ತಲೆಮಾರಿನ ಟೊಯೊಟಾ ಹೈಲಕ್ಸ್‌ನಲ್ಲಿ ಬಂದ 3.0 ಲೀಟರ್‌ನ 1ಕೆಡಿ-ಎಫ್‌ಟಿವಿ ಎಂಜಿನ್‌ನಲ್ಲಿ ಇಂಜೆಕ್ಟರ್‌ನ ಬುಡದ ತಾಮ್ರದ ವಾಷರ್‌ಗಳು ಸೋರುತ್ತವೆ. ಸೋರಿದ ದಹನದ ಅನಿಲ ಮಸಿಯನ್ನು ಎಂಜಿನ್ ಆಯಿಲ್‌ಗೆ ಸೇರಿಸುತ್ತದೆ, ಆಯಿಲ್ ಗಟ್ಟಿಯಾಗುತ್ತದೆ, ಎಂಜಿನ್ ತಳದ ಆಯಿಲ್ ಪಾತ್ರೆಯಾದ ಸಂಪ್‌ನಲ್ಲಿ ಆಯಿಲ್ ಹೀರುವ ಜಾಲರಿ ಕಟ್ಟಿಕೊಳ್ಳುತ್ತದೆ, ಕೊನೆಗೆ ಆಯಿಲ್ ಸಿಗದೆ ಎಂಜಿನ್ ಹಿಡಿದುಹೋಗುತ್ತದೆ. ವಾಷರ್‌ಗಳನ್ನು ಬದಲಿಸಿದ ಬಿಲ್ಲು ಇದೆಯೇ ಎಂದು ಕೇಳುವುದು, ಇಲ್ಲದಿದ್ದರೆ ಸಂಪ್ ಬಿಚ್ಚಿಸಿ ಆ ಜಾಲರಿಯನ್ನು ನೋಡುವುದು ಇಲ್ಲಿನ ಸರಿಯಾದ ಕ್ರಮ. ಅದೇ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ಹೊಂದಿಸಿ ನಡೆಸುವುದು ಟೈಮಿಂಗ್ ಬೆಲ್ಟ್. ಅದನ್ನು ಬದಲಿಸುವ ಅವಧಿ ಹಲವೆಡೆ 1,50,000 ಕಿ.ಮೀ. ಎಂದಿದೆ. 2015ರಲ್ಲಿ ಬಂದ 2.4 ಮತ್ತು 2.8 ಲೀಟರ್ ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಚೈನ್ ಇದೆ.

ಮಿತ್ಸುಬಿಷಿ ಎಲ್200ರ, ಅಂದರೆ ಟ್ರೈಟನ್‌ನ, ಹಳೆಯ 2.5 ಲೀಟರ್ 4ಡಿ56 ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಅಲ್ಲದೆ ಎಂಜಿನ್‌ನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗೆ ಇನ್ನೊಂದು ಸಣ್ಣ ಬೆಲ್ಟ್ ಇರುತ್ತದೆ. ಹಣ ಉಳಿಸಲು ಅದನ್ನು ಹಾಗೆಯೇ ಬಿಟ್ಟು ದೊಡ್ಡದನ್ನು ಮಾತ್ರ ಬದಲಿಸಿದ್ದರೆ, ಸಣ್ಣದು ಹರಿದು ದೊಡ್ಡದಕ್ಕೆ ಸಿಕ್ಕಿಕೊಂಡು ವಾಲ್ವ್‌ಗಳನ್ನು ಬಾಗಿಸುವ ಸಾಧ್ಯತೆಯಿದೆ. ನವಾರಾದ 2.5 ಲೀಟರ್ ವೈಡಿ25ರ ಆರಂಭದ ಎಂಜಿನ್‌ಗಳಲ್ಲಿ ಚೈನ್ ಹಿಗ್ಗುತ್ತದೆ, ತಣ್ಣಗಿರುವಾಗ ಮುಂಭಾಗದಲ್ಲಿ ಗಲಗಲ ಎನ್ನುತ್ತದೆ. ಚೈನ್ ಎಂದರೆ ಆಜೀವ ಎಂದು ನಂಬಿಸುವವರಿಗೆ ಇದು ಉತ್ತರ. ಫೋರ್ಡ್ ರೇಂಜರ್‌ನ 2.0 ಲೀಟರ್ ಇಕೋಬ್ಲೂ ಎಂಜಿನ್‌ನ ಮೊದಲ ರೂಪದಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆಯುತ್ತ ಓಡುತ್ತದೆ. ತಪ್ಪು ದರ್ಜೆಯ ಆಯಿಲ್ ಹಾಕಿದರೆ, ಅಥವಾ ಬದಲಿಸುವುದು ತಡವಾದರೆ, ಬೆಲ್ಟ್ ಕರಗಿ ಉದುರಿ ಅದರ ಚೂರುಗಳು ಆಯಿಲ್ ದಾರಿಯನ್ನು ಮುಚ್ಚಬಹುದು. ಅಂಥ ಗಾಡಿಗೆ ಸರ್ವಿಸ್ ಪುಸ್ತಕ ಇಲ್ಲ ಎಂದರೆ ಮುಂದಿನ ಮಾತೇ ಬೇಡ. ಈ ಸಾಲಿನಲ್ಲಿ ಇಸುಜು ಡಿ-ಮ್ಯಾಕ್ಸ್‌ನ 3.0 ಲೀಟರ್ 4ಜೆಜೆ1 ಎಂಜಿನ್ ಸದ್ದು ಜೋರಾದರೂ ಸರಳ, ಗಟ್ಟಿ ಎಂಬ ಹೆಸರು ಪಡೆದಿದೆ. ವೇಗಕ್ಕಿಂತ ಬಾಳಿಕೆ ಮುಖ್ಯ ಎನ್ನುವವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ.

ಹೊಗೆ ಶುದ್ಧಿ ಮಾಡುವ ಭಾಗಗಳು

ಈಚಿನ ಪಿಕಪ್‌ಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಕಳಿಸಿ, ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಮಾಡಿ ಮಸಿಯನ್ನು ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಓಡುವ ರಸ್ತೆ ಬೇಕು. ಮನೆಯಿಂದ ಹತ್ತಿರದ ಕೆಲಸದ ಜಾಗಕ್ಕೆ ಮಾತ್ರ ಓಡಿದ ಗಾಡಿಯಲ್ಲಿ ಈ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಉಳಿಯುತ್ತದೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುವುದಕ್ಕೆ ಇದೇ ಸಾಮಾನ್ಯ ಕಾರಣ. ಕಡಿಮೆ ಕಿಲೋಮೀಟರ್‌ನ, ಒಬ್ಬರೇ ಮಾಲೀಕರ, ಊರೊಳಗೆ ಮಾತ್ರ ಓಡಿದ ಪಿಕಪ್ ಎಂಬ ಜಾಹೀರಾತು ಓದಿ ಆಸೆಪಡುವವರು ಇದನ್ನು ನೆನಪಿಡಬೇಕು. ಪೆಟ್ರೋಲ್ ಕಾರಿಗೆ ವರವಾಗುವ ಆ ಇತಿಹಾಸ ಡಿಪಿಎಫ್ ಇರುವ ಡೀಸೆಲ್‌ಗೆ ಶಾಪ.

ಅದರ ಮೇಲೆ ಕೆಲವು ಮಾದರಿಗಳಲ್ಲಿ ದೋಷ ವಿನ್ಯಾಸದಲ್ಲೇ ಇತ್ತು. ಆಸ್ಟ್ರೇಲಿಯಾದಲ್ಲಿ 2015ರಿಂದ 2020ರ ನಡುವೆ ಮಾರಾಟವಾದ ಹೈಲಕ್ಸ್ ಮತ್ತು ಅದೇ ಎಂಜಿನ್‌ನ ಸೋದರ ಗಾಡಿಗಳ ಡಿಪಿಎಫ್ ದೋಷ ನ್ಯಾಯಾಲಯದ ಮೆಟ್ಟಿಲೇರಿತು, 2022ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಮಾಲೀಕರ ಪರವಾಗಿ ತೀರ್ಪು ಕೊಟ್ಟಿತು. ಆ ಅವಧಿಯ ಗಾಡಿಯಾದರೆ ಕಂಪನಿಯ ಪರಿಹಾರ ಕೆಲಸಗಳು ಅದಕ್ಕೆ ಆಗಿವೆಯೇ ಎಂದು ದಾಖಲೆಯಲ್ಲಿ ಹುಡುಕಿ.

ತೊಂದರೆ ಕೊಡುವ ಡಿಪಿಎಫ್‌ನ ಒಳಗನ್ನು ಕೊರೆದು ಖಾಲಿ ಡಬ್ಬ ಮಾಡಿ, ಎಂಜಿನ್ ಕಂಪ್ಯೂಟರ್‌ಗೆ ಅದು ಇದೆಯೆಂದೇ ನಂಬಿಸುವ ಕೆಲಸ ಎಲ್ಲೆಡೆ ನಡೆಯುತ್ತದೆ. ಹಲವು ದೇಶಗಳಲ್ಲಿ ಇದು ಕಾನೂನುಬಾಹಿರ, ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಹೊಸ ಮಾಲೀಕರದು. ಪತ್ತೆ ಸುಲಭ: ಸರಿಯಾದ ಡಿಪಿಎಫ್ ಇರುವ ಗಾಡಿಯ ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿದರೆ ಬೆರಳು ಬಹುಮಟ್ಟಿಗೆ ಶುಭ್ರವಾಗಿರುತ್ತದೆ, ಕಾಡಿಗೆಯಂತೆ ಮಸಿ ಅಂಟಿದರೆ ಫಿಲ್ಟರ್ ಒಡೆದಿದೆ ಅಥವಾ ಇಲ್ಲವೇ ಇಲ್ಲ. ಡಬ್ಬದ ಮೇಲೆ ಹೊಸ ಬೆಸುಗೆಯ ಗೆರೆಯೂ ಅದೇ ಕಥೆ ಹೇಳುತ್ತದೆ. ಯೂರಿಯಾ ದ್ರಾವಣ ಬಳಸುವ ಗಾಡಿಯಾದರೆ ಅದರ ಟ್ಯಾಂಕ್, ಹೀಟರ್, ಎಚ್ಚರಿಕೆ ದೀಪಗಳನ್ನೂ ಪರೀಕ್ಷಿಸಿ.

ಇಲ್ಲಿ ಸ್ಕ್ಯಾನರ್ ಬಹಳ ಸಹಾಯಕ್ಕೆ ಬರುತ್ತದೆ. ದೋಷದ ಕೋಡ್ ಇಲ್ಲ ಎಂದು ಸಮಾಧಾನಪಡುವ ಬದಲು, ಕೋಡ್‌ಗಳನ್ನು ಅಳಿಸಿ ಎಷ್ಟು ಕಿ.ಮೀ. ಆಯಿತು ಎಂಬ ಅಂಕಿಯನ್ನು ಓದಿ. ಹಿಂದಿನ ದಿನವಷ್ಟೇ ಅಳಿಸಿದ್ದರೆ ಏಕೆ ಎಂದು ಕೇಳಿ. ಡಿಪಿಎಫ್‌ನಲ್ಲಿ ಈಗಿರುವ ಮಸಿ, ಕಳೆದ ಸಲ ಸುಟ್ಟ ಮೇಲೆ ಓಡಿದ ದೂರ, ಪ್ರತಿ ಇಂಜೆಕ್ಟರ್‌ನ ತಿದ್ದುಪಡಿಯ ಅಂಕಿ ಇವು ಹಲವು ಮಾದರಿಗಳಲ್ಲಿ ಸಿಗುತ್ತವೆ. ಎಂಜಿನ್ ಓಡಿದ ಒಟ್ಟು ಗಂಟೆಗಳು ಸಿಕ್ಕರಂತೂ ಕಿಲೋಮೀಟರನ್ನು ಅದರಿಂದ ಭಾಗಿಸಿ ನೋಡಿ. 1,20,000 ಕಿ.ಮೀ.ಗೆ 2,400 ಗಂಟೆ ಎಂದರೆ ಸರಾಸರಿ 50 ಕಿ.ಮೀ. ವೇಗ, ಅದು ರಸ್ತೆಯ ಗಾಡಿ. ಅಷ್ಟೇ ದೂರಕ್ಕೆ 6,000 ಗಂಟೆ ಎಂದರೆ ಸರಾಸರಿ 20. ಅದು ಏಸಿ ಹಾಕಿಕೊಂಡು ನಿಂತಲ್ಲೇ ಓಡಿದ ಗಾಡಿ, ಅದರ ಎಂಜಿನ್‌ಗೆ ಮೀಟರ್ ಹೇಳುವುದಕ್ಕಿಂತ ಬಹಳ ಹೆಚ್ಚು ವಯಸ್ಸಾಗಿದೆ. ಮೀಟರ್ ತಿರುಚಿದ ಅನುಮಾನ ಇದ್ದರೆ ಗೇರ್‌ಬಾಕ್ಸ್ ಅಥವಾ ಬ್ರೇಕ್‌ನ ಕಂಪ್ಯೂಟರ್‌ನಲ್ಲಿ ಉಳಿದ ಕಿಲೋಮೀಟರ್ ಅಂಕಿಯೊಡನೆ ಹೋಲಿಸಬಹುದು.

ಓಡಿಸಿ ನೋಡುವಾಗ

ಮ್ಯಾನ್ಯುಯಲ್ ಗೇರ್‌ನ ಗಾಡಿಯಲ್ಲಿ ಮೊದಲ ಗಮನ ಕ್ಲಚ್‌ಗೆ. ಸಮರಸ್ತೆಯಲ್ಲಿ ಮೇಲಿನ ಗೇರ್ ಹಾಕಿ, ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗಲಗುಟ್ಟುವ ಸದ್ದು ಬಂದು ಒತ್ತಿದಾಗ ನಿಂತರೆ, ಅಥವಾ ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ಗಡಗಡ ಎಂದರೆ, ಎಂಜಿನ್‌ನ ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಮೇಲೆ ಅನುಮಾನಪಡಬೇಕು. ಕ್ಲಚ್‌ನೊಂದಿಗೆ ಅದನ್ನೂ ಬದಲಿಸುವುದು ಸಣ್ಣ ಖರ್ಚಲ್ಲ. ಆಟೊಮ್ಯಾಟಿಕ್‌ನಲ್ಲಿ ತಣ್ಣಗಿರುವಾಗಲೂ ಬಿಸಿಯಾದಾಗಲೂ ಗೇರ್ ಬದಲಾವಣೆ ಮೃದುವಾಗಿರಬೇಕು. ಹಗುರಾಗಿ ಎಳೆಯುವಾಗ ಸಾಲುಸಾಲು ಉಬ್ಬುಪಟ್ಟಿಗಳಿರುವ ರಸ್ತೆಯ ಮೇಲೆ ಓಡಿದಂತೆ ನಡುಗಿದರೆ ಎಂಜಿನ್‌ನ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ನೋಡಿಸಬೇಕು. ಮುಂದಕ್ಕೂ ಹಿಂದಕ್ಕೂ ಬದಲಿಸುವಾಗ ಧಡ್ ಎಂಬ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಜಾಯಿಂಟ್‌ಗಳು, ನಡುವಿನ ಬೇರಿಂಗ್, ಹಿಂದಿನ ಡಿಫರೆನ್ಷಿಯಲ್ ಇವುಗಳಲ್ಲಿ ಒಂದು ಸವೆದಿದೆ.

ನಾಲ್ಕು ಚಕ್ರದ ಚಾಲನೆಯನ್ನು ಮಾರುವವರ ಮಾತಿಗೆ ಬಿಡದೆ ನೀವೇ ಹಾಕಿ ನೋಡಬೇಕು. ಬಹುತೇಕ ಪಿಕಪ್‌ಗಳಲ್ಲಿ ಇರುವುದು ಪಾರ್ಟ್ ಟೈಮ್ ವ್ಯವಸ್ಥೆ. ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲದ ಕಾರಣ ಒಣ ಡಾಂಬರಿನ ಮೇಲೆ ಅದನ್ನು ಹಾಕಿ ತಿರುಗಿಸಿದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಹಾನಿಯಾಗುತ್ತದೆ. ಆದ್ದರಿಂದ ಮಣ್ಣಿನ ಅಥವಾ ಹುಲ್ಲಿನ ನೆಲದಲ್ಲಿ ಪರೀಕ್ಷಿಸಿ. ಮಿತ್ಸುಬಿಷಿಯ ಸೂಪರ್ ಸೆಲೆಕ್ಟ್ ಇರುವ ಮಾದರಿಗಳು ಇದಕ್ಕೆ ಅಪವಾದ, ಅವುಗಳಲ್ಲಿ ಮಧ್ಯದ ಡಿಫರೆನ್ಷಿಯಲ್ ಇದೆ. ಹೈ ಮತ್ತು ಲೋ ಗೇರ್ ಸಾಲುಗಳನ್ನು, ಹಿಂದಿನ ಡಿಫರೆನ್ಷಿಯಲ್ ಲಾಕ್ ಇದ್ದರೆ ಅದನ್ನೂ ಹಾಕಿ ತೆಗೆಯಿರಿ. ದೀಪ ಮಿಣುಕುತ್ತಲೇ ಇದ್ದು ಗೇರ್ ಕೂರದಿದ್ದರೆ ವರ್ಷಗಟ್ಟಲೆ ಬಳಸದೆ ಮೋಟರ್ ಕಚ್ಚಿಕೊಂಡಿರಬಹುದು. ಎತ್ತರಿಸಿದ ಗಾಡಿಯಾದರೆ ಮುಂದಿನ ಡ್ರೈವ್ ಶಾಫ್ಟ್‌ಗಳ ಕೋನ ಹೆಚ್ಚಾಗಿ ರಬ್ಬರ್ ಬೂಟುಗಳು ಹರಿದಿರುವ ಸಂಭವ ಹೆಚ್ಚು. ಮೂಲ ಸ್ಥಿತಿಯಲ್ಲೇ ಇರುವ ಗಾಡಿಯನ್ನು ನಾನು ಯಾವತ್ತೂ ಮೇಲೆಂದು ಹೇಳುತ್ತೇನೆ. ದೊಡ್ಡ ಚಕ್ರ, ಚಿಪ್ ಟ್ಯೂನಿಂಗ್, ಎತ್ತರ ಹೆಚ್ಚಿಸುವ ಕಿಟ್ ಇವುಗಳಿಗೆ ಇನ್ನೊಬ್ಬರು ಖರ್ಚು ಮಾಡಿದ್ದಾರೆ ಎಂಬುದು ನಿಮಗೆ ಲಾಭವಲ್ಲ.

ಟೈರುಗಳ ಪಕ್ಕೆಯಲ್ಲಿರುವ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ: 2319 ಎಂದರೆ 2019ರ 23ನೆಯ ವಾರ. ನಾಲ್ಕೂ ಒಂದೇ ಅಳತೆಯವಾಗಿರಬೇಕು. ಹ್ಯಾಂಡ್ ಬ್ರೇಕ್‌ನ್ನು ಇಳಿಜಾರಿನಲ್ಲಿ ಪರೀಕ್ಷಿಸಿ, ಕೆಸರಿನಲ್ಲಿ ದುಡಿದ ಗಾಡಿಗಳ ಹಿಂದಿನ ಡ್ರಮ್‌ಗಳಲ್ಲಿ ಮಣ್ಣು ತುಂಬಿರುತ್ತದೆ.

ತೊಟ್ಟಿ, ಕ್ಯಾಬಿನ್, ಕಾಗದ

ತೊಟ್ಟಿಯಲ್ಲಿ ಗೀರು, ತಗ್ಗು ಇದ್ದರೆ ಬೇಸರ ಬೇಡ, ಅದು ಅದರ ಕೆಲಸ. ಪ್ಲಾಸ್ಟಿಕ್ ಲೈನರ್ ಇದ್ದರೆ ಅದರ ಅಂಚನ್ನು ಎತ್ತಿ ನೋಡಿ; ಕೆಳಗೆ ನಿಂತ ನೀರು ಮತ್ತು ಮರಳು ಬಣ್ಣವನ್ನು ಉಜ್ಜಿ ತೂತು ಮಾಡಿರಬಹುದು. ಕ್ಯಾಬಿನ್‌ನಲ್ಲಿ ಕಾರ್ಪೆಟ್ ಎತ್ತಿ ವಾಸನೆ ನೋಡಿ. ಸೀಟಿನ ಹಳಿಗಳಲ್ಲಿ, ಫ್ಯೂಸ್ ಪೆಟ್ಟಿಗೆಯ ಹಿಂದೆ, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಅದರ ಕೊನೆಯಲ್ಲಿ ಒಣಗಿದ ಕೆಸರು ಇದ್ದರೆ ಗಾಡಿ ನೀರಿನಲ್ಲಿ ಮುಳುಗಿದ್ದಿರಬೇಕು, ಆಗ ಡಿಫರೆನ್ಷಿಯಲ್ ಆಯಿಲ್‌ನಲ್ಲಿಯೂ ನೀರು ಸಿಗುವ ಸಂಭವವಿದೆ. ಹಿಂದಿನ ಸೀಟಿನಲ್ಲಿ ಸ್ವತಃ ಕೂತು ನೋಡುವುದನ್ನು ಮರೆಯಬಾರದು. ಡಬಲ್ ಕ್ಯಾಬ್ ಕೊಳ್ಳುವುದೇ ಆ ಸೀಟಿಗಾಗಿ, ಆದರೆ ಹಲವು ಮಾದರಿಗಳಲ್ಲಿ ಅದರ ಬೆನ್ನು ನೆಟ್ಟಗಿದ್ದು ದೂರದ ಪ್ರಯಾಣಕ್ಕೆ ಹಿಂಸೆಯಾಗುತ್ತದೆ. ನಡುವಿನ ಸೀಟಿಗೆ ಮೂರು ಬಿಂದುವಿನ ಬೆಲ್ಟ್, ಮಕ್ಕಳ ಸೀಟು ಕಟ್ಟುವ ಕೊಂಡಿ ಹಳೆಯ ಗಾಡಿಗಳಲ್ಲಿ ಇಲ್ಲದಿರಬಹುದು.

ದಾಖಲೆಗಳಲ್ಲಿ ಇರುವ ಚಾಸಿ ಸಂಖ್ಯೆಯನ್ನು ಉಕ್ಕಿನ ಮೇಲೆ ಕೊರೆದ ಸಂಖ್ಯೆಯೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ. ಸುತ್ತಲಿನ ಲೋಹ ಉಜ್ಜಿದಂತಿದ್ದರೆ ಅಥವಾ ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಗಾಡಿಯ ಮೇಲೆ ಸಾಲ ಬಾಕಿ ಇಲ್ಲ, ವಿಮೆ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಬರೆದು ಹಾಕಿಲ್ಲ ಎಂಬುದನ್ನು ಸಂಬಂಧಪಟ್ಟ ಇಲಾಖೆಯಿಂದ ಖಚಿತಪಡಿಸಿಕೊಳ್ಳಿ. ದೋಷ ಸರಿಪಡಿಸಲು ಕಂಪನಿ ಗಾಡಿಗಳನ್ನು ವಾಪಸ್ ಕರೆಸುವ ರೀಕಾಲ್‌ಗಳನ್ನೂ ಅದೇ ಸಂಖ್ಯೆಯಿಂದ ನೋಡಬಹುದು. ತಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳ ರೀಕಾಲ್‌ನಲ್ಲಿ ಫೋರ್ಡ್ ರೇಂಜರ್, ಮಜ್ದಾ ಬಿಟಿ-50 ಮುಂತಾದ ಪಿಕಪ್‌ಗಳೂ ಇದ್ದವು, ಬದಲಿಸದೆ ಉಳಿದ ಏರ್‌ಬ್ಯಾಗ್ ಪ್ರಾಣಕ್ಕೇ ಅಪಾಯ. ಸರ್ವಿಸ್ ಪುಸ್ತಕದ ಮುದ್ರೆಗಳಿಗಿಂತ ಬಿಲ್ಲುಗಳು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅವುಗಳಲ್ಲಿ ಯಾವ ದರ್ಜೆಯ ಆಯಿಲ್ ಹಾಕಿದರು, ಯಾವ ಭಾಗ ಬದಲಿಸಿದರು ಎಂಬುದು ಇರುತ್ತದೆ.

ಬೆಲೆಯ ಮಾತಿಗೆ ಕೂರುವಾಗ ಕಂಡ ದೋಷಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಟೈರು, ಕ್ಲಚ್, ಬುಷ್, ಗ್ಲೋ ಪ್ಲಗ್, ಅವಧಿ ಮೀರಿದ ಬೆಲ್ಟ್ ಇವುಗಳ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಬೆಲೆಯಲ್ಲಿ ಕಳೆಯಬಹುದು. ಬಾಗಿದ ಅಥವಾ ತೂತಾದ ಚಾಸಿ, ನೀರಿನಲ್ಲಿ ಮುಳುಗಿದ ವೈರಿಂಗ್, ಆಯಿಲ್ ಬೆರೆತ ಕೂಲೆಂಟ್, ಹೊಂದದ ಸಂಖ್ಯೆ ಇವು ಯಾವ ರಿಯಾಯಿತಿಗೂ ಸರಿದೂಗುವಂಥವಲ್ಲ.

ಕೊಂಡ ಮೇಲೆ ಮೊದಲ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಮತ್ತು ಎಲ್ಲ ಫಿಲ್ಟರ್‌ಗಳನ್ನು ಬದಲಿಸಿಬಿಡಿ. ಹೊರಬಂದ ಆಯಿಲ್‌ನಲ್ಲಿ ಲೋಹದ ಚೂರುಗಳಿವೆಯೇ ಎಂದು ಬಸಿಯುವಾಗ ನಿಂತು ನೋಡಿ. ರೇಂಜರ್‌ನ 2.2 ಅಥವಾ 3.2 ಲೀಟರ್ ಎಂಜಿನ್ ಆಗಿದ್ದರೆ ಬಸಿದ ಮೇಲೆ ಹತ್ತು ನಿಮಿಷದೊಳಗೆ ಹೊಸ ಆಯಿಲ್ ತುಂಬುವಂತೆ ಮೊದಲೇ ಹೇಳಿ. ಹೆಚ್ಚು ಹೊತ್ತು ಖಾಲಿ ಬಿಟ್ಟರೆ ಅದರ ಪಂಪ್ ಆಯಿಲ್ ಹೀರುವುದನ್ನೇ ಬಿಟ್ಟು, ಮರಳಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಣಗಿ ಓಡಿ ಹಾಳಾಗಬಹುದು. ಸಾವಿರ ಕಿಲೋಮೀಟರ್ ಆದ ಮೇಲೆ ಆಯಿಲ್ ಮಟ್ಟ, ಕೂಲೆಂಟ್ ಮಟ್ಟ ಮತ್ತು ಸ್ಪ್ರಿಂಗ್‌ಗಳ ಯು ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ.